ಎಡಕ್ಕೆ ವಾಲಿದ ಗಂಟು

ಸುಮನ್ ಬಾಯಿಯನ್ನು ಯೋಜನೆಯ ಮುಖ್ಯಸ್ಥೆ ಮಾಡಿದ್ದಕ್ಕೆ ಕಾರಣ ಒಂದೇ: ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆಯನ್ನು ಹರಿಯದೆ ಹೊರಗೆಳೆಯುವುದು ಗೋಕಾಕದ ಆ ಸರಕಾರಿ ಕಚೇರಿಯಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಯೋಜನೆ ಇಷ್ಟು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಮನೆಗಳ ಹಳೇ ದಾಖಲೆಯೆಲ್ಲ ಕಂಪ್ಯೂಟರಿಗೆ ಏರಬೇಕು, ಮೂರೂ ಕಡೆಯವರು ಹಂಚಿಕೊಳ್ಳಬೇಕು. ಘಟಪ್ರಭಾದಿಂದ ದಿನಾ ಬಸ್ಸಿಗೆ ಬರುವ, ಐವತ್ತು ದಾಟಿದ ಸುಮನ್ ಬಾಯಿ ಸುಮ್ಮನೆ ಕೂರುವವರಲ್ಲ. ವಾರದಲ್ಲಿ ದಾಖಲೆಯ ಕಪಾಟು ಖಾಲಿ. ಅರಿವೆಯಲ್ಲಿ ಕಟ್ಟಿಟ್ಟಿದ್ದ ಕಾಗದದ ಗಂಟುಗಳನ್ನೆಲ್ಲ ಬಿಚ್ಚಿಸಿ, ಫೋಟೊ ತೆಗೆಸಿ, ಹಾಳೆಗಳನ್ನು ಗೋಣಿಚೀಲಕ್ಕೆ ತುಂಬಿಸಿದರು. ನಾಲ್ಕು ಸಾವಿರ ಫೋಟೊ, ಒಂದರಿಂದ ನಾಲ್ಕು ಸಾವಿರದವರೆಗೆ ನಂಬರು. ಯಾವುದು ಯಾವ ಊರಿನದು ಎಂದು ಮಾತ್ರ ಎಲ್ಲೂ ಇಲ್ಲ. ಹಂಚಿಕೊಳ್ಳಬೇಕಾದ ಮಾಹಿತಿ ಹಂಚಿಹೋಗಿತ್ತು.

ಇದು ಗೊತ್ತಾದದ್ದು ಕಾಶೆವ್ವ ಬಂದಾಗ. ಕಲ್ಲೋಳಿ ಬಾಜೂದ ಹಳ್ಳಿಯ ಆಕೆಯ ಓಣಿಯಲ್ಲಿ ಅವತ್ತು ತಗ್ಗು ತೋಡಿ ನಳದ ಪೈಪು ಹಾಕುತ್ತಿದ್ದರು. ಮನೆಯ ದಾಖಲೆ ಇದ್ದವರಿಗೆ ಮಾತ್ರ ನಳ.

“ಸಂಜೀಕ ತಗ್ಗು ಮುಚ್ಚಿ ಮುಂದಿನ ಊರಿಗೆ ಹೊಕ್ಕಾರಂತ್ರಿ ಬಾಯಾರ. ನಮ್ಮ ಮನಿ ಕಾಗದ ಕೊಡ್ರಿ.”

“ನಿಮ್ದು ಕಂಪ್ಯೂಟರದಾಗ ಐತಿ, ಕಾಶೆವ್ವಾ.”

“ಐತಿ ಅಂದ್ರ ತಗೀರಲಾ.”

“ಎಲ್ಲೈತಿ ಅನ್ನೂದು ಗೊತ್ತಿಲ್ಲ.”

“ಹಂಗಾರ ಇಲ್ಲ ಅನ್ರಿ!”

ಬಾಯಿ ಆಕೆಯ ಹೆಸರು ಟೈಪ್ ಮಾಡಿ ನೋಡಿದರು. ಏನೂ ಬರಲಿಲ್ಲ. ಅಕ್ಷರ ಬಿಡಿಸಿ ಬಿಡಿಸಿ ಮತ್ತೆ ಒತ್ತಿದರು, ಬರಲಿಲ್ಲ. ಫೋಟೊದೊಳಗಿನ ಅಕ್ಷರ ಕಂಪ್ಯೂಟರಿಗೆ ಕಾಣುವುದಿಲ್ಲವೆಂದು ಆಗ ಹೊಳೆಯಿತು.

ಮೂವತ್ತು ವರ್ಷ ಆ ಕಪಾಟು ಕಾಯ್ದ ಜವಾನ ಲಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. “ಗಂಟ ಬಿಚ್ಚೂದು ಬ್ಯಾಡಂದಿದ್ನಿರಿ.”

“ಯಾಕಂತ ಹೇಳಲಿಲ್ಲಲಾ ಕಾಕಾ!”

“ನೀವು ಕೇಳಲಿಲ್ಲಲ್ರಿ. ಒಂಟಿ ಗಂಟು ಗೋಕಾಕ, ಜೋಡಗಂಟು ಹುಕ್ಕೇರಿ, ತುದಿ ಕಿವಿಯಂಗ ಬಿಟ್ಟದ್ದು ಮೂಡಲಗಿ. ಕಿವಿ ಎಡಕ್ಕ ವಾಲಿದ್ರ ಈಕಿ ಊರು.”

ಬಾಯಿ ತಲೆ ಹಿಡಿದುಕೊಂಡರು. “ಗಂಟ ಕಟ್ಟಿದ್ದ ಅರಿವಿ ಎಲ್ಲಿ ಅದಾವು?”

“ಮೂಲ್ಯಾಗ. ಒಗ್ಯಾಕ ಹಾಕಂದಿದ್ರಿ, ನಾನಽ ಹಾಕಿಲ್ಲ.”

ಬಿಚ್ಚಿದ ಹಾಗೇ ಒಂದರ ಮೇಲೊಂದು ಎಸೆದ ರಾಶಿ. ಗಂಟು ಹೋಗಿದ್ದರೂ ಸುಕ್ಕು ಹೋಗಿರಲಿಲ್ಲ. ಕೆಳಗಿನದು ಮೊದಲು ಬಿಚ್ಚಿದ್ದು, ಅಂದರೆ ಮೊದಲು ಫೋಟೊ ಆದದ್ದು. ಇಡೀ ರಾಶಿಯನ್ನು ಮಗುಚಿ ಹಾಕಿದರು. ಲಕ್ಕಪ್ಪ ಸುಕ್ಕು ಸವರಿ ಸವರಿ ಊರು ಹೇಳಿದ, ಕಾಶೆವ್ವ ಎಣಿಸಿದಳು.

“ಹನ್ನೊಂದನೇದು ನಮ್ದು!”

“ಮೊದಲ ಸಲ ಹನ್ನೆರಡ ಅಂದಿ,” ಎಂದರು ಬಾಯಿ, ಬರೆದದ್ದನ್ನು ಹೊಡೆದುಹಾಕುತ್ತ.

“ನಡುವ ಈ ಲಕ್ಕಪ್ಪ ಕಾಕಾನ ಟವೆಲ್ ಇತ್ತ್ರಿ.”

ಗಂಟಿಗೆ ಸುಮಾರು ನೂರು ಹಾಳೆ, ಮೊದಲ ಹತ್ತು ಗಂಟಿಗೆ ಸಾವಿರ ಫೋಟೊ. ಸಾವಿರದ ಆಚೆ ತಡಕಾಡಿ ಸಂಜೆ ನಾಲ್ಕೂವರೆ ಗಂಟೆಗೆ ಕಾಶೆವ್ವನ ಮಾವನ ಹೆಸರಿನ ಮನೆ ದಾಖಲೆ ಸಿಕ್ಕಿತು. ಪ್ರಿಂಟು ತೆಗೆದು, ಪೈಪಿನವರ ಮೇಸ್ತ್ರಿ ಬಾಳೇಶನಿಗೆ ಬಾಯಿ ಫೋನು ಮಾಡಿದರು.

“ಮೊನ್ನಿತನಕಾ ಕಾಗದ ನಡೀತಿತ್ರಿ,” ಅಂದ ಆತ. “ಈಗ ನಿಮ್ಮ ಯೋಜನಾ ಬಂದೈತಲ್ಲ, ನನ್ನ ಮೊಬೈಲದಾಗ ಹೆಸರ ಕಾಣಬೇಕು.”

“ಆ ಯೋಜನಾ ಮಾಡಿದಾಕಿ ನಾನಽ!”

“ಹಂಗಾರ ಲಗೂ ಮಾಡ್ರಿ, ತಗ್ಗು ಮುಚ್ಚಾಕತ್ತಾರ.”

ಬಾಯಿ ಮತ್ತೆ ಕೂತರು. ಆ ಫೋಟೊದ ನಂಬರು ಅಳಿಸಿ ಊರು, ಓಣಿ, ಕಾಶೆವ್ವನ ಮನೆ ಎಂದು ಒಂದೊಂದೇ ಅಕ್ಷರ ಒತ್ತಿದರು. ಕಾಶೆವ್ವ ಫೋನನ್ನೇ ನೋಡುತ್ತಿದ್ದಳು.

“ಕಾಣಾಕತ್ತೈತ್ರಿ, ನಳ ಹಾಕ್ತೀನಿ,” ಅಂದ ಬಾಳೇಶ. “ಆದ್ರ ಬಾಯಾರ, ಈ ಊರಾಗ ಒಂದಽ ಮನಿ ತೋರಸ್ತೈತಲ್ರಿ?”

“ಸದ್ಯಕ್ಕ ಒಂದಽ,” ಅಂದರು ಸುಮನ್ ಬಾಯಿ.