ಮುಚ್ಚಳ ಮುಚ್ಚಿದ ಪಾನದಾನ

ವಸ್ತುಸಂಗ್ರಹಾಲಯಗಳಲ್ಲಿ ವಸ್ತುವಿಗಿಂತ ಮೊದಲು ಅದರ ಕೆಳಗಿನ ಚೀಟಿಯನ್ನು ಓದುವುದು ನನ್ನ ಹಳೆಯ ದುರಭ್ಯಾಸ. ಗಾಜಿನ ಹಿಂದೆ ಖಡ್ಗವೇ ಮಿರುಗುತ್ತಿದ್ದರೂ ನನ್ನ ದೃಷ್ಟಿ ಅಂಗೈಯಗಲದ ಆ ರಟ್ಟಿನ ಮೇಲಿಳಿದು, ಅಲ್ಲೊಂದು ಪ್ರಮಾದ ಸಿಕ್ಕೀತೇ ಎಂದು ತಡಕಾಡುತ್ತದೆ. ಸಿಕ್ಕರೆ ಆ ದಿನದ ಊಟ ರುಚಿಸುತ್ತದೆ. ಬೀದರಿನಲ್ಲಿ ಹುಟ್ಟಿ ಬೆಳೆದವನಿಗೆ ಈ ವ್ಯಸನಕ್ಕೆ ಅವಕಾಶದ ಕೊರತೆಯಿಲ್ಲ. ನಿವೃತ್ತನಾದ ಮೇಲೆ ಕೋಟೆಯನ್ನು ಬುರುಜು ಬುರುಜಾಗಿ ಸುತ್ತಿದ್ದೇನೆ. ರಂಗೀನ ಮಹಲಿನ ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು ಯಾವ ಹೊತ್ತಿನ ಬೆಳಕಿಗೆ ಬಾಯಿ ಬಿಡುತ್ತವೆಂದು ಪರೀಕ್ಷಿಸಿದ್ದೇನೆ. ಮದರಸಾದ ಮಿನಾರಿನಲ್ಲಿ ಅಳಿದುಳಿದ ನೀಲಿಯನ್ನು ಕತ್ತು ನೋಯುವವರೆಗೆ ನೋಡಿದ್ದೇನೆ. ಒಮ್ಮೆ ಅಷ್ಟೂರಿನ ಗುಮ್ಮಟವೊಂದರ ಬಾಗಿಲಲ್ಲಿ ಮೈಮರೆತು ನಿಂತಿದ್ದಾಗ, ಪರಸ್ಥಳದ ಯುವಕನೊಬ್ಬ ನನ್ನನ್ನು ಕಾವಲುಗಾರನೆಂದು ಭಾವಿಸಿ, ಚಪ್ಪಲಿ ನೋಡಿಕೊಳ್ಳಲು ಹೇಳಿ ಒಳಗೆ ಹೋದ. ನೋಡಿಕೊಂಡೆ. ಆದರೆ ಅವನ ಮುಖ ಇಂದಿಗೂ ನೆನಪಿದೆ.

ಇಷ್ಟೆಲ್ಲ ಸುತ್ತಿದ ನಾನು, ಭಾಲ್ಕಿಯ ಹಳೆಯ ವಾಡೆಯೊಂದರಲ್ಲಿ ತೆರೆದ ಪುಟ್ಟ ಸಂಗ್ರಹಾಲಯಕ್ಕೆ ಮಾತ್ರ ಕಾಲಿಟ್ಟಿರಲಿಲ್ಲ. ಕಾರಣ ನನ್ನ ಭಾವ. ಬೀದರಿನ ದವಸದ ಪೇಟೆಯಾದ ಗಾಂಧಿ ಗಂಜಿನಲ್ಲಿ ನಮ್ಮ ತಂದೆಯವರ ಅಡತಿ ಅಂಗಡಿಯಿತ್ತು. ರೈತರು ತಂದ ತೊಗರಿ, ಉದ್ದುಗಳನ್ನು ಮಾರಿಸಿಕೊಡುತ್ತಿದ್ದ ಆ ಅಂಗಡಿಯ ಗಾದಿಯ ಮೇಲೆ ಬಿದರಿ ಕೆಲಸದ ಪಾನದಾನವೊಂದು, ಎಂದರೆ ಎಲೆ ಅಡಿಕೆಯ ಪೆಟ್ಟಿಗೆ, ತಂದೆಯವರಷ್ಟೇ ಸ್ಥಿರವಾಗಿ ಆಸೀನವಾಗಿರುತ್ತಿತ್ತು. ಅವರ ಕಾಲಾನಂತರ ಅದು ಅಕ್ಕನ ಪಾಲಿಗೆ ಬಂದು ಅವಳ ಗಂಡನ ಊರಾದ ಡಾಬಕಾ ಸೇರಿತು; ಅದಕ್ಕೆ ನನ್ನ ತಕರಾರಿಲ್ಲ. ಆದರೆ ಭಾವ ಅದನ್ನು ಈ ಸಂಗ್ರಹಾಲಯಕ್ಕೆ ಕೊಟ್ಟು, ಚೀಟಿಯಲ್ಲಿ ತಮ್ಮ ಹೆಸರನ್ನಷ್ಟೇ ಬರೆಸಿದರು. ಜೀವಮಾನವಿಡೀ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತವರ ಹೆಸರಿಗೆ ಅಲ್ಲಿ ಜಾಗವಿಲ್ಲವೆಂದು ಕೇಳಿದ ದಿನವೇ ನಾನು ಡಾಬಕಾದ ಊಟ ಬಿಟ್ಟೆ. ಅಕ್ಕ ಮಾಡುವ ಹೋಳಿಗೆಯನ್ನು ಒಮ್ಮೆ ತಿಂದವರಿಗೆ ಗೊತ್ತು, ಸಿದ್ಧಾಂತಕ್ಕಾಗಿ ನಾನು ತೆತ್ತ ಬೆಲೆ ಸಾಮಾನ್ಯದ್ದಲ್ಲ.

ಕೊನೆಗೆ ಅಕ್ಕನೇ ಒಂದು ಬೆಳಿಗ್ಗೆ ಬೀದರಿಗೆ ಬಂದು ಬಾಗಿಲಲ್ಲೇ ನಿಂತಳು.

“ಚಪ್ಪಲಿ ಮೆಟ್ಟಿಕೋ ತಮ್ಮಾ, ಭಾಲ್ಕಿಗಿ ನಡಿ. ಅಪ್ಪನ ಹೆಸರು ಬರಸೇ ಬರಮು. ಆಮ್ಯಾಲ ನಾ ಕರದ್ರ ಉಣ್ಣಾಕ ಬರ್ತಿಯೋ ಇಲ್ಲೋ, ಅದು ಈಗೇ ಹೇಳು.”

ಹೆಸರು ಬಂದರೆ ಬರುತ್ತೇನೆಂದು ಮಾತು ಕೊಟ್ಟೆ.

ವಾಡೆಯ ತಂಪಾದ ಪಡಸಾಲೆಯಲ್ಲಿ ಅಂದು ನಾನು, ಅಪೂರ್ವವೆಂಬಂತೆ, ಚೀಟಿಗಳನ್ನು ಬಿಟ್ಟು ವಸ್ತುಗಳನ್ನೇ ನೋಡುತ್ತ ನಡೆದೆ. ನಮ್ಮ ಮನೆಯ ಪೆಟ್ಟಿಗೆಯನ್ನು ಗುರುತಿಸಲು ನನಗೆ ಚೀಟಿ ಬೇಕೇ? ಹುಕ್ಕಾ, ಹೂದಾನಿ, ಅತ್ತರಿನ ಭರಣಿಗಳನ್ನೆಲ್ಲ ದಾಟಿ ಕೊನೆಯ ಗೋಡೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು.

“ಎಲ್ಲಿ ಹೊಂಟಿಯೋ? ಇಲ್ಲೇ ಅದಲ್ಲ!”

ಮರಳಿ ಬಂದು ನೋಡಿದೆ. ಕಪ್ಪು ಮುಚ್ಚಳದ ತುಂಬ ಬೆಳ್ಳಿಯ ಹೂಬಳ್ಳಿ ಹಬ್ಬಿದ್ದ ಒಂದು ಸುಂದರ, ಅಪರಿಚಿತ ಪೆಟ್ಟಿಗೆ. “ಇದು ನಮ್ಮದಲ್ಲ ಅಕ್ಕಾ,” ಎಂದೆ.

“ಹಂಗಾರ ನಿಮ್ಮ ಭಾವ ಬಜಾರದಾಗ ಬದಲಿ ಮಾಡ್ಯಾರೇನು? ಅದರದೂ ಒಂದು ತಪ್ಪು ಬರಕೋ ಅವರ ಮ್ಯಾಲ!”

ಆಗ ಹೊಳೆಯಿತು. ಪೆಟ್ಟಿಗೆ ಮುಚ್ಚಿತ್ತು. ನಮ್ಮ ಅಂಗಡಿಯಲ್ಲಿ ಅದು ಮನುಷ್ಯರ ಎದುರಿಗೆ ಮುಚ್ಚಿರುತ್ತಿರಲಿಲ್ಲ. ಕಮಠಾಣದ ರೈತನೊಬ್ಬ ಕಟ್ಟೆ ಹತ್ತುತ್ತಿದ್ದಂತೆ ತಂದೆ ಮುಚ್ಚಳ ತೆರೆದಿಡುತ್ತಿದ್ದರು. ತೆರೆದಿರುವಷ್ಟು ಹೊತ್ತು ಮಾತಿಗೆ ಅವಕಾಶ, ಕುಳಿತವನಿಗೆ ಮರ್ಯಾದೆ. ವ್ಯವಹಾರ ಸಾಕೆನಿಸಿದಾಗ ಸದ್ದಿಲ್ಲದೆ ಮುಚ್ಚುತ್ತಿದ್ದರು. ಬಂದವನು ಹೆಗಲ ವಸ್ತ್ರ ಕೊಡವಿಕೊಂಡು ಏಳುತ್ತಿದ್ದ. ಸದಾ ಹಿಂದಕ್ಕೆ ಮಗುಚಿ ಲೋಡಿಗೆ ಒರಗಿರುತ್ತಿದ್ದ ಆ ಮುಚ್ಚಳದ ಹೂಬಳ್ಳಿಯನ್ನು ನಾನು ಬಾಲ್ಯದಲ್ಲಿ ಎಂದೂ ನೆಟ್ಟಗೆ ನೋಡಿರಲಿಲ್ಲ. ನನಗೆ ಪರಿಚಯವಿದ್ದದ್ದು ಅದರ ಒಳಮೈ ಮಾತ್ರ.

ನನ್ನ ಮುಖ ನೋಡಿ, ಅಲ್ಲಿನ ಮೇಲ್ವಿಚಾರಣೆಯ ಹೆಣ್ಣುಮಗಳು ಹತ್ತಿರ ಬಂದಳು. “ಯಾಕ್ರಿ ಸರ್, ಏನರ ತಪ್ಪಾಗೇದೇನ್ರಿ?”

ಹೆಸರಿನ ವಿಷಯವಾಗಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಖಂಡನೆಯೆಲ್ಲ ಎಲ್ಲಿ ಹೋಯಿತೋ. “ಬಂದವರಿಗೆಲ್ಲ ಎದ್ದು ಹೋಗ್ರಿ ಅಂತ ಹೇಳ್ಲತ್ತೀರಲ್ಲ ತಾಯಿ!” ಎಂದುಬಿಟ್ಟೆ. ಅವಳು ಕಂಗಾಲಾದಳು. ಅಕ್ಕ ಸಾವಧಾನವಾಗಿ ಎಲ್ಲವನ್ನೂ ವಿವರಿಸಿದಳು.

“ಬೆಳ್ಳಿ ಕೆಲಸ ಎಲ್ಲಾ ಮುಚ್ಚಳದ ಮ್ಯಾಲೇ ಅದಲ್ರೀ. ತೆರದಿಟ್ರ ಜನ ಏನ್ ನೋಡಬೇಕ್ರಿ?” ಎಂದಳು ಹುಡುಗಿ.

ಪ್ರಶ್ನೆ ನ್ಯಾಯವಾದದ್ದೇ. ಆದರೂ ಅವಳು ಕೀಲಿ ತಂದು ಗಾಜು ಸರಿಸಿ, ಮುಚ್ಚಳವನ್ನು ಮೆಲ್ಲಗೆ ಹಿಂದಕ್ಕೆ ಮಗುಚಿದಳು. ಒಳಗಂಚಿನಲ್ಲಿ ಸುಣ್ಣದ ಬೆರಳುಗುರುತುಗಳು ಹಾಗೆಯೇ ಇದ್ದವು. ಅಕ್ಕ, ತಂದೆಯವರ ಎದುರು ಮಾಡುತ್ತಿದ್ದಂತೆ, ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡಳು.

ಔರಾದ ಕಡೆಯ ವೃದ್ಧರೊಬ್ಬರು ಆಚೆ ಕತ್ತಿ ಗುರಾಣಿಗಳನ್ನು ನಿಂತುಕೊಂಡೇ ನೋಡುತ್ತಿದ್ದರು. ನಮ್ಮತ್ತ ಬಂದು, ತೆರೆದ ಪೆಟ್ಟಿಗೆಯನ್ನು ಕಂಡರು. ಯಾರೂ ಹೇಳದಿದ್ದರೂ ಎದುರಿನ ಬೆಂಚಿನ ಮೇಲೆ ನಿಧಾನವಾಗಿ ಕುಳಿತು ನನ್ನ ಮುಖ ನೋಡಿದರು.

“ತೆರದು ಇಟ್ಟೀರಿ ಖರೆ, ಎಲಿ ಎಲ್ಲಿ ಅವರೀ ಸಾವ್ಕಾರ್ರ?”

ಇಂಥ ಜಾಗಗಳಲ್ಲಿ ಯಾರಾದರೂ ನನ್ನನ್ನು ಕಾವಲುಗಾರನಲ್ಲದೆ ಮನೆಯ ಯಜಮಾನನೆಂದು ತಿಳಿದದ್ದು ಅದೇ ಮೊದಲು. ಎದುರಿಗೆ ಕುಳಿತೆ. ಈ ಸಲದ ತೊಗರಿಯ ಬಗ್ಗೆ, ಬದಲಾಗದ ಗಂಜಿನ ಧೂಳಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಹುಡುಗಿ ಹೊಸ ರಟ್ಟು ಹಿಡಿದು ಕಾದಿದ್ದಳು. ತಂದೆಯವರ ಹೆಸರು ಹೇಳಿದೆ, ಬರೆದಳು. “ಹಳೀ ಹೆಸರು ತೆಗೀಬೇಕೇನ್ರಿ?” ಎಂದಾಗ ಅಕ್ಕ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಇರಲಿ ಎಂದೆ. ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ.

ಡಾಬಕಾದಲ್ಲಿ ಹೋಳಿಗೆಯಾದ ಮೇಲೆ ಭಾವ ತಮ್ಮ ಸ್ಟೀಲಿನ ಎಲೆ ಡಬ್ಬಿಯನ್ನು ಮುಚ್ಚಳ ತೆರೆದೇ ನನ್ನ ಮುಂದಿಟ್ಟರು. ಸಣ್ಣ ಅಕ್ಷರದ ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ.

ಓದುಗರೇ, ನಾನು ಸುಧಾರಿಸಿದೆನೆಂದು ಭಾವಿಸಬೇಡಿ. ಈಗಲೂ ಚೀಟಿಯನ್ನೇ ಮೊದಲು ಓದುತ್ತೇನೆ. ಓದಿ ಮುಗಿಸಿ ತಲೆಯೆತ್ತಿದಾಗ ಮಾತ್ರ, ಗಾಜಿನಾಚೆಯ ವಸ್ತು ನನಗೆ ಕೂತುಕೋ ಎನ್ನುತ್ತಿದೆಯೋ, ಏಳು ಎನ್ನುತ್ತಿದೆಯೋ ಎಂದು ಒಂದು ಗಳಿಗೆ ಕಾಯುತ್ತೇನೆ.