ನನ್ನ ಹೆಸರಿನ ಪಿಕಪ್ಪು

ಭಂಕೂರಿನ ನಮ್ಮ ಮನೆಯ ಮುಂದೆ ನಿಂತಿರುವ ಪಿಕಪ್ಪು ನನ್ನ ಹೆಸರಿನಲ್ಲಿದೆ, ಓಡಿಸುತ್ತಿದ್ದವನು ತಮ್ಮ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದಿದ್ದೆ. ಈ ಹಳೆಯ ಗಾಡಿ ಕೊಳ್ಳುವಾಗ ಮಹಿಳಾ ಸಂಘದ ಸಾಲ ಸಿಕ್ಕಿದ್ದು ನನಗೆ, ಅದಕ್ಕೇ ಆರ್‌ಸಿ ಕಾರ್ಡಿಗೆ ನನ್ನ ಹೆಸರು, ನನ್ನ ಫೋನ್ ನಂಬರು. ತಮ್ಮ ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲು ತುಂಬಿಕೊಂಡು ಸೇಡಂ, ಚಿಂಚೋಳಿ ಕಡೆ ಹೋಗಿ ಬರುತ್ತಿದ್ದ.

ಕಾರ್ಡನ್ನು ನಾನು ಜೋಳದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಗಾಡಿಯಲ್ಲಿ ಅದರ ಜೆರಾಕ್ಸ್ ಮಾತ್ರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೂ ಅದರ ಮೇಲಿನ ನನ್ನ ಹೆಸರು ಓದಬಲ್ಲೆ. ಅದು ಇರುವತನಕ ಈ ಮನೆಯಿಂದ ನನ್ನನ್ನು ಯಾರೂ ಎದ್ದು ಹೋಗು ಅನ್ನಲಾರರು ಎಂಬ ಧೈರ್ಯ.

ಹೋದ ವರ್ಷ ತಮ್ಮ ಬ್ರೇಕಿನ ಮಾತು ತೆಗೆದ. ಎಷ್ಟು ಹಾಕಿದರೂ ಬ್ರೇಕ್ ಎಣ್ಣೆ ಇಳಿದುಹೋಗುತ್ತಿದೆ, ಗಾಡಿ ತನ್ನ ಹೆಸರಿಗೆ ಮಾಡಿಕೊಟ್ಟರೆ ಇದನ್ನು ಮಾರಿ ಬೇರೆ ತರುತ್ತೇನೆ ಎಂದ. ನನಗೆ ಬ್ರೇಕಿನ ಮಾತು ಕೇಳಿಸಲಿಲ್ಲ, ಹೆಸರು ಅನ್ನುವುದೊಂದೇ ಕೇಳಿಸಿತು. ಇದು ಅವನ ಹೆಂಡತಿ ಹೇಳಿಕೊಟ್ಟ ಮಾತು ಅಂದುಕೊಂಡೆ. ಇಬ್ಬರೂ ಒಳಗೆ ಮೆಲ್ಲಗೆ ಮಾತಾಡಿದರೆ ನಾನು ತೊಗರಿ ಹಸನು ಮಾಡುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದೆ.

ಅಂಥದರಲ್ಲಿ ಕಲಬುರಗಿಯ ಶೋರೂಮಿನಿಂದ ಫೋನ್ ಬಂತು. ನಿಮ್ಮಂಥ ಗಾಡಿಗಳಲ್ಲಿ ಬ್ರೇಕ್ ಪೈಪ್ ಉಜ್ಜಿ ಉಜ್ಜಿ ಸೋರುತ್ತದೆ, ಕಂಪನಿಯೇ ಪುಕ್ಕಟೆ ಬದಲಿಸಿಕೊಡುತ್ತದೆ, ಗಾಡಿ ಮತ್ತು ಆರ್‌ಸಿ ಕಾರ್ಡ್ ತನ್ನಿರಿ ಎಂದು ಒಬ್ಬ ಹುಡುಗಿ ಹೇಳಿದಳು. ಕಾರ್ಡ್ ಅಂದ ಕೂಡಲೇ ನನಗೆ ಎಲ್ಲ ತಿಳಿದಂತಾಯಿತು. ತಮ್ಮನೇ ಯಾರ ಬಾಯಿಂದಲೋ ಹೇಳಿಸುತ್ತಿದ್ದಾನೆ. ಇಲ್ಲದಿದ್ದರೆ ಪುಕ್ಕಟೆ ಯಾರು ಏನು ಕೊಡುತ್ತಾರೆ? ಆಗಲಿ ಎಂದು ಫೋನ್ ಇಟ್ಟೆ. ಮತ್ತೆ ಬಂದಾಗಲೂ ಹಾಗೇ ಮಾಡಿದೆ. ತಮ್ಮನಿಗೆ ಹೇಳಲಿಲ್ಲ. ಅವನಾಗಿಯೇ ಬಾಯಿ ಬಿಡಲಿ ಎಂದು ಅವನ ಮುಖ ನೋಡುತ್ತಾ ಇದ್ದುಬಿಟ್ಟೆ. ಅವನು ದಿನಾ ಅದೇ ಗಾಡಿಯಲ್ಲಿ ಕಲ್ಲು ಒಯ್ಯುತ್ತಿದ್ದ.

ಒಂದು ದಿನ ಸುಲೇಪೇಟದ ಹತ್ತಿರ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಪೂರಾ ಕೆಳಗೆ ಹೋಯಿತಂತೆ. ಎದುರಿಗೆ ಬಸ್ಸು. ಅವನು ಗಾಡಿಯನ್ನು ತೊಗರಿ ಹೊಲಕ್ಕೆ ತಿರುಗಿಸಿದ. ಹಿಂದಿನ ಕಲ್ಲುಗಳು ಜಾರಿ ಬಂದು ಕ್ಯಾಬಿನ್ನಿಗೆ ಬಡಿದವು. ಅವನ ಹಣೆಗೆ ಹೊಲಿಗೆ ಬಿದ್ದವು. ಎಡಗೈಯ ಬೆರಳುಗಳು ಈಗಲೂ ಸರಿಯಾಗಿ ಮಡಚುವುದಿಲ್ಲ.

ಗಾಡಿ ಎಳೆಸಿಕೊಂಡು ಶೋರೂಮಿಗೆ ಹೋದೆವು. ಅಲ್ಲಿ ಕಂಪ್ಯೂಟರ್ ನೋಡಿದವನು, ನಿಮಗೆ ಆಗಲೇ ಫೋನ್ ಮಾಡಿದ್ದೇವಲ್ಲ, ಆಗ ಪೈಪ್ ಇತ್ತು, ಈಗ ಸ್ಟಾಕ್ ಖಾಲಿಯಾಗಿದೆ, ಬಂದಾಗ ತಿಳಿಸುತ್ತೇವೆ, ಅಲ್ಲಿಯತನಕ ಓಡಿಸಬೇಡಿರಿ ಎಂದ.

ತಮ್ಮ ನನ್ನ ಕಡೆ ತಿರುಗಿದ. "ಫೋನ್ ಬಂದಿತ್ತೇನಕ್ಕಾ?"

"ಬಂದಿತ್ತು. ಕಾರ್ಡಿನ ಸಲುವಾಗಿ ನೀನೇ ಮಾಡ್ಸಾಕತ್ತೀದಿ ಅಂತ ತಿಳ್ಕೊಂಡಿದ್ದೆ."

ಅವನು, "ನನಗ ಅಷ್ಟು ಅಕಲ್ ಇದ್ದಿದ್ರ ಕಲ್ಲು ಯಾಕ ಹೊರ್ತಿದ್ದೆ?" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಪೈಪ್ ಇನ್ನೂ ಬಂದಿಲ್ಲ. ವಾರ ವಾರವೂ ನಾನೇ ಕೇಳುತ್ತೇನೆ, ಮುಂದಿನ ವಾರ ಅನ್ನುತ್ತಾರೆ. ತಮ್ಮ ಊರಿನ ಹತ್ತಿರವೇ ಕಲ್ಲು ಕೊಯ್ಯುವಲ್ಲಿ ಕೂಲಿಗೆ ಹೋಗುತ್ತಾನೆ. ಗಾಡಿ ನಿನ್ನ ಹೆಸರಿಗೆ ಮಾಡೋಣ ನಡಿ ಎಂದು ಕರೆದರೆ, ಇರಲಿ ಬಿಡು ಅಂದ. ಮಧ್ಯಾಹ್ನ ಊಟಕ್ಕೆ ಬಂದಾಗ ಶೋರೂಮಿನವರು ಏನಂದರು ಎಂದು ಕೇಳುತ್ತಾನೆ. ಹೇಳುತ್ತೇನೆ, ಹೂಂ ಅನ್ನುತ್ತಾನೆ. ಆಮೇಲೆ ನಾನು ತಾಟು ತೊಳೆಯಲು ಹಿತ್ತಲಿಗೆ ಹೋದಾಗ, ಅವನು ತನ್ನ ಫೋನಿನಿಂದ ಅದೇ ಶೋರೂಮಿಗೆ ಅದೇ ಮಾತು ಕೇಳುತ್ತಿರುವುದು ನನಗೆ ಕೇಳಿಸುತ್ತದೆ.