ಮಲಗಿಸಿದ ಹೆಣ

ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ತೆಗೆದ ಕಪ್ಪು ಬಿಳುಪಿನ ದೆವ್ವದ ಚಿತ್ರಗಳೆಂದರೆ ನನಗೆ ಪ್ರಾಣ. ಹಿನ್ನೆಲೆ ಸಂಗೀತವೇ ಇರುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ಅದೊಂದೇ ಸದ್ದು. ಹೋದ ಬೇಸಿಗೆಯಲ್ಲಿ ನಮ್ಮೂರು ಶಲವಡಿಗೆ ಹೋದಾಗ ಅಂಥದೊಂದನ್ನು ಮೊಬೈಲಿನಲ್ಲಿ ಅಜ್ಜಿಗೆ ತೋರಿಸಿದೆ. ಸಣ್ಣಂದಿನಲ್ಲಿ ನಾನು ಅತ್ತರೆ ಕಾಳು ತುಂಬುವ ಹಗೇವಿನ ಕತ್ತಲಿಗೆ ಇಳಿಸಿ ಹೆದರಿಸುತ್ತಿದ್ದ ಮುದುಕಿ ಅವಳು. ಒಮ್ಮೆಯಾದರೂ ಅವಳು ನಡುಗುವುದನ್ನು ನಾನು ನೋಡಬೇಕಿತ್ತು.

ಶವಪೆಟ್ಟಿಗೆಯ ಮುಚ್ಚಳ ಸರಿಸಿ ಸತ್ತವನು ಎದ್ದು ಬಂದ. ಅಜ್ಜಿ ಎಲೆ ಅಡಿಕೆ ಜಗಿಯುತ್ತಲೇ ನಕ್ಕಳು.

“ಹೆಣಾ ಮಲಗಿಸಿದ್ರ ಏಳದ ಏನ ಮಾಡತೈತಲೇ? ನಮ್ಮಂಗ ಕುಂದರಿಸಿ ಹುಗೀಬೇಕು. ನಿಮ್ಮಜ್ಜ ಎದ್ದನೇನು? ಎಲ್ಲಾರೂ ಹಿಡಿ ಮಣ್ಣ ಹಾಕಿದ್ರು, ನಾ ಬುಟ್ಟಿ ತುಂಬಿ ಹಾಕೀನಿ.”

ಅಜ್ಜ ಬಡಿದು ಮುರಿದ ಎಡಗೈಯನ್ನು ಅವಳಿಗೆ ಇಂದಿಗೂ ನೆಟ್ಟಗೆ ಚಾಚಲು ಬರುವುದಿಲ್ಲ. ಆ ಸೊಟ್ಟ ಕೈಯನ್ನೇ ಎತ್ತಿ ಮೊಬೈಲಿನೊಳಗಿನ ಸತ್ತವನನ್ನು ಅಣಕಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ಅಜ್ಜನ ಬಾಜೂಕ ನಿನಗೂ ಜಾಗಾ ಮಾಡಸ್ಯಾನ ಅಪ್ಪ,” ಎಂದೆ. “ಹೊಲದಾಗ, ಇಬ್ಬರಿಗೂ ಕೂಡೇ ಒಂದ ಗದ್ದಗಿ. ಕಲ್ಲೂ ಬಂದು ಬಿದ್ದಾವು.”

ಜಗಿಯುತ್ತಿದ್ದ ಬಾಯಿ ನಿಂತಿತು.

“ಅವನ ಬಾಜೂಕ?” ಎಂದಳು.

“ಹೂಂ. ಅಗದಿ ಮೈಗೆ ಮೈ ಹತ್ತಿ.”

ಮೊಬೈಲಿನಲ್ಲಿ ಯಾರೋ ಹೆಂಗಸು ಚೀರಿದಳು. ಅಜ್ಜಿ ಅತ್ತ ನೋಡಲೇ ಇಲ್ಲ. ಸೊಟ್ಟ ಕೈ ತಾನಾಗಿಯೇ ಬಂದು ಎದೆಗೆ ಅವುಚಿಕೊಂಡಿತು. ನಾನು ಸಿನಿಮಾ ಬಂದ್ ಮಾಡಿದೆ. ಇನ್ನು ಅದು ಬೇಕಾಗಿರಲಿಲ್ಲ.